ಮನೆವಾರ್ತೆ: ಕಾಫಿಯ ಗುಣಕ್ಕೆ ಅಂಕ ಕೊಡುವವರು



ಈ ಪುಟದಲ್ಲಿ ನಾವು ಪ್ರತಿ ತಿಂಗಳೂ ಮನೆವಾರ್ತೆಯ ಒಂದಿಲ್ಲೊಂದು ವಿಷಯವಾಗಿ ನಾಲ್ಕು ಮಾತು ಹೇಳುತ್ತ ಬಂದಿದ್ದೇವೆ. ಹೇಳುವವರೇ ತಪ್ಪುವುದೂ ಉಂಟು. ಕಳೆದ ಮಳೆಗಾಲದಲ್ಲಿ ಕಾಲು ಕಿಲೊ ಕಾಫಿಪುಡಿಯ ನಿಮಿತ್ತವಾಗಿ ನಾವು ನಿರಪರಾಧಿಯಾದ ಒಬ್ಬ ವರ್ತಕರನ್ನು ನಾಲ್ಕು ಜನರ ಎದುರಿಗೆ ಹೀಯಾಳಿಸಿದೆವು. ಆ ತಪ್ಪು ಹೇಗೆ ನಡೆಯಿತು, ಅದು ನಮಗೆ ಹೇಗೆ ತಿಳಿದುಬಂದಿತು ಎಂಬುದನ್ನು ಹೇಳಹೊರಟರೆ, ಕಾಫಿಯ ಗುಣವನ್ನು ಬಲ್ಲವರು ಅದಕ್ಕೆ ಅಂಕ ಕೊಡುವ ಕ್ರಮವನ್ನೂ ಹೇಳಬೇಕಾಗುತ್ತದೆ. ಆದಕಾರಣ ಈ ಸಲ ಎರಡನ್ನೂ ಕೂಡಿಸಿ ಬರೆದಿದ್ದೇವೆ.

ನಮ್ಮ ವಾಸ ಅಂಕೋಲೆಯಲ್ಲಿ. ಆಷಾಢದಲ್ಲಿ ಕೆಲಸದ ಮೇಲೆ ಕಾರವಾರಕ್ಕೆ ಹೋದಾಗ, ಅಲ್ಲಿಯ ಪೇಟೆಯಲ್ಲಿ ಬೀಜ ಹುರಿದು ಬೀಸಿಕೊಡುವ ಅಂಗಡಿಯೊಂದರಿಂದ ಕಾಲು ಕಾಲು ಕಿಲೊದ ಎರಡು ಪೊಟ್ಟಣ ಕಾಫಿಪುಡಿಯನ್ನು ತಂದೆವು. ಒಂದನ್ನು ಒಡೆದು ಡಬ್ಬಿಗೆ ಸುರಿದುದಾಯಿತು. ಇನ್ನೊಂದು ಕಪಾಟಿನಲ್ಲಿ ಉಳಿಯಿತು. ಹತ್ತು ದಿನಗಳೊಳಗೆ ಕಾಫಿಗೆ ಹಳೆಯ ಗೋಣಿಚೀಲದ ವಾಸನೆ ಬರತೊಡಗಿತು. ಮುಂದಿನ ಸಲ ಕಾರವಾರಕ್ಕೆ ಹೋದಾಗ ನಾವು ನೆಟ್ಟಗೆ ಆ ಅಂಗಡಿಗೆ ನಡೆದು, "ಹೋದ ವರ್ಷದ ಬೀಜವನ್ನು ಹುರಿದು ಹೊಸದೆಂದು ಮಾರುತ್ತೀರಿ" ಎಂದು ಗಟ್ಟಿಯಾಗಿಯೇ ಹೇಳಿದೆವು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ವರ್ತಕರು ಸಿಟ್ಟಾಗಲಿಲ್ಲ. "ರಾಯರೇ, ಅದೇ ದಿನದ ಪುಡಿ ನನ್ನಲ್ಲಿ ಇನ್ನೂ ಸ್ವಲ್ಪ ಇದೆ. ಒಂದು ಗುಟುಕು ಕುಡಿದು ನೋಡಿ ಆ ಮೇಲೆ ಹೇಳಿ" ಎಂದರು. ನಾವು ಕುಡಿಯಲಿಲ್ಲ. ನಮ್ಮ ನಾಲಗೆಯ ಮೇಲೆ ನಮಗೆ ಅಷ್ಟು ನಂಬಿಕೆ! ಕೊಡೆ ಬಿಚ್ಚಿಕೊಂಡು ಹೊರಟುಬಂದೆವು.

ಈ ನಂಬಿಕೆಗೆ ಕಾರಣವಿಲ್ಲದಿಲ್ಲ. ರುಚಿಪರೀಕ್ಷೆಯೆಂಬುದು ನಮ್ಮ ಕರಾವಳಿಯವರಿಗೆ ಹೊಸ ವಿದ್ಯೆಯಲ್ಲ. ಬೇಸಿಗೆಯಲ್ಲಿ ಅಂಕೋಲೆಯ ಪೇಟೆಗೆ ಬುಟ್ಟಿ ಹೊತ್ತು ಬರುವ ಹೆಂಗಸರನ್ನು ಕೇಳಿ ನೋಡಿರಿ: ಕರಿ ಇಶಾಡು ಯಾವುದು, ಬಿಳಿ ಇಶಾಡು ಯಾವುದು ಎಂಬುದನ್ನು ಮುಟ್ಟಿದೊಡನೆ ಹೇಳುವರು. ಸಿಪ್ಪೆ ತೆಳ್ಳಗಿದ್ದು ತಿರುಳು ತುಂಬಿ ಸಿಹಿ ಹೆಚ್ಚಿದ್ದರೆ ಕರಿ ಇಶಾಡು. ಸಿಪ್ಪೆ ದಪ್ಪಗಿದ್ದು ಸಿಹಿ ಒಂದು ಮಟ್ಟ ಕಡಿಮೆಯಾದರೆ ಬಿಳಿಯದು. ೨೦೨೩ರಲ್ಲಿ ಅಂಕೋಲೆಯ ಕರಿ ಇಶಾಡಿಗೆ ಸರಕಾರದ ಭೌಗೋಳಿಕ ಗುರುತು ದೊರೆಯಿತು. ಆದರೆ ನಮ್ಮ ಅಜ್ಜಿಯರು ಆ ಗುರುತನ್ನು ಮೂಗಿನಿಂದಲೂ ಹೆಬ್ಬೆರಳಿನಿಂದಲೂ ಎಂದೋ ಕೊಟ್ಟಿದ್ದರು. ಹಾಗೆಯೇ ಬಂಗಡೆಯ ಕಿವಿರನ್ನು ಎತ್ತಿ ನೋಡಿ ಅದು ಯಾವ ಹೊತ್ತಿನ ಮೀನೆಂದು ಹೇಳುವವರೂ, ಕಷಾಯಕ್ಕೆ ಹುರಿಯುವ ಕೊತ್ತಂಬರಿ ಜೀರಿಗೆಗಳನ್ನು ಯಾವ ಕ್ಷಣದಲ್ಲಿ ಒಲೆಯಿಂದ ಇಳಿಸಬೇಕೆಂದು ವಾಸನೆಯಿಂದಲೇ ತಿಳಿಯುವವರೂ ಮನೆಮನೆಯಲ್ಲಿ ಇದ್ದಾರೆ. ಇವರೆಲ್ಲರೂ ಪರೀಕ್ಷಕರೇ.

ಆದರೆ ಮನೆಯ ಪರೀಕ್ಷೆಗೂ ಕಾಫಿಯ ಪರೀಕ್ಷಕರ ಪರೀಕ್ಷೆಗೂ ಒಂದು ಭೇದವಿದೆ. ನಾವು "ಚೆನ್ನಾಗಿದೆ" ಅಥವಾ "ಚೆನ್ನಾಗಿಲ್ಲ" ಎಂದು ಹೇಳಿ ಸುಮ್ಮನಾಗುತ್ತೇವೆ. ಅವರು ಯಾವುದು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ, ಮತ್ತೊಮ್ಮೆ ಕುಡಿದರೂ ಹಾಗೆಯೇ ತೋರುವುದೇ, ಪಕ್ಕದಲ್ಲಿ ನಿಂತವನಿಗೂ ಹಾಗೆಯೇ ತೋರಿತೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಈ ಭೇದವನ್ನು ನಮಗೆ ತಿಳಿಸಿಕೊಟ್ಟವಳು ನಮ್ಮ ತಂಗಿಯ ಮಗಳು. ಅವಳು ಬೆಂಗಳೂರಿನಲ್ಲಿ ಕಾಫಿ ಮಂಡಳಿಯವರು ನಡೆಸುವ, ಕಾಫಿಯ ಗುಣನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಓದಿದವಳು. ನಮ್ಮ ಜಗಳ ನಡೆದ ವಾರದಲ್ಲಿಯೇ ಪಂಚಮಿಯ ಹಬ್ಬಕ್ಕೆ ಅಂಕೋಲೆಗೆ ಬಂದಳು. ಅವಳು ಮಾಡಿದ ಪರೀಕ್ಷೆಯನ್ನು ಹೇಳುವ ಮೊದಲು, ಪರೀಕ್ಷಕರ ಪದ್ಧತಿ ಏನೆಂಬುದನ್ನು ವಾಚಕರು ತಿಳಿಯುವುದು ಒಳ್ಳೆಯದು.

ಮೊದಲನೆಯ ಪರೀಕ್ಷೆ ಕಣ್ಣಿನದು. ಹುರಿಯದ ಹಸಿ ಬೀಜವನ್ನು ಜರಡಿಗಳಲ್ಲಿ ಆಡಿಸಿ ಗಾತ್ರದಿಂದ ಬೇರ್ಪಡಿಸುವರು. ನಮ್ಮ ದೇಶದಲ್ಲಿ ತೊಳೆದು ಸಂಸ್ಕರಿಸಿದ ಅರಾಬಿಕಾ ಬೀಜಕ್ಕೆ ಪ್ಲಾಂಟೇಶನ್ ಎಂಬ ಹೆಸರಿದೆ. ಅದರಲ್ಲಿ 'ಎ' ದರ್ಜೆಯೆನಿಸಬೇಕಾದರೆ ನೂರಕ್ಕೆ ತೊಂಬತ್ತು ಪಾಲು ಬೀಜ ೬.೬೫ ಮಿಲಿಮೀಟರ್ ರಂಧ್ರದ ಜರಡಿಯ ಮೇಲೆ ನಿಲ್ಲಬೇಕು. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದಿದ್ದರೆ ಅದು ಪೀಬೆರಿ. ಅದಕ್ಕೆ ಬೇರೆಯೇ ದರ್ಜೆ. ಆಮೇಲೆ ಗೊತ್ತಾದ ತೂಕದ ಮಾದರಿಯನ್ನು ಹರಡಿ, ಕಪ್ಪು ಬೀಜ, ಹುಳಿತ ಬೀಜ, ಕಾಯಿಕೊರಕ ಹುಳು ತೂತು ಮಾಡಿದ ಬೀಜ, ಒಡೆದ ಬೀಜ, ಕಲ್ಲು ಕಡ್ಡಿಗಳನ್ನು ಎಣಿಸುವರು. ಆದರೆ ಗಾತ್ರವೇ ಗುಣವಲ್ಲ. ದಪ್ಪ ಬೀಜ ಸಮನಾಗಿ ಹುರಿಯುತ್ತದೆ, ನೋಟಕ್ಕೆ ಚೆಂದ, ಇಷ್ಟೆ. ಬಟ್ಟಲಿನಲ್ಲಿ ಅದು ಏನು ಹೇಳುವುದೆಂಬುದು ಕುಡಿದಲ್ಲದೆ ತಿಳಿಯದು.

ಎರಡನೆಯ ಪರೀಕ್ಷೆ ಬಟ್ಟಲಿನದು. ಇದಕ್ಕೆ ಕಪ್ಪಿಂಗ್ ಎಂದು ಹೆಸರು. ಬೀಜವನ್ನು ಹಿಂದಿನ ದಿನ ತಿಳಿಯಾಗಿ ಹುರಿಯುವರು. ಕಪ್ಪಗೆ ಹುರಿದರೆ ಎಲ್ಲ ಬೀಜಕ್ಕೂ ಸುಟ್ಟ ರುಚಿಯೊಂದೇ ಬಂದು, ಒಳ್ಳೆಯದೂ ಕೆಟ್ಟದೂ ಒಂದಾಗಿಬಿಡುವುವು. ಪ್ರತಿ ಮಾದರಿಗೆ ಐದು ಬಟ್ಟಲು. ಒಂದೊಂದರಲ್ಲಿಯೂ ೧೫೦ ಮಿಲಿಲೀಟರ್ ನೀರಿಗೆ ೮.೨೫ ಗ್ರಾಂ ಪುಡಿ. ಮೊದಲು ಒಣಪುಡಿಯ ಪರಿಮಳವನ್ನು ಮೂಸುವರು. ಆಮೇಲೆ ಸುಮಾರು ೯೩ ಡಿಗ್ರಿ ಶಾಖದ ನೀರನ್ನು ಪುಡಿಯ ಮೇಲೆ ನೇರವಾಗಿ ಹೊಯ್ಯುವರು. ಸೋಸುವುದಿಲ್ಲ, ಹಾಲಿಲ್ಲ, ಸಕ್ಕರೆಯಿಲ್ಲ. ನಾಲ್ಕು ನಿಮಿಷಗಳಲ್ಲಿ ಪುಡಿ ಮೇಲೆದ್ದು ಹೆಪ್ಪಿನಂತೆ ನಿಲ್ಲುವುದು. ಮೂಗನ್ನು ಬಟ್ಟಲಿಗೆ ಹತ್ತಿರ ಹಿಡಿದು ಚಮಚದಿಂದ ಆ ಹೆಪ್ಪನ್ನು ಒಡೆದಾಗ ಏಳುವ ಪರಿಮಳದಲ್ಲಿ ಅರ್ಧ ಚರಿತ್ರೆ ತಿಳಿಯುವುದಂತೆ. ಬಳಿಕ ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ, ಚಮಚದಿಂದ 'ಸೊರ್' ಎಂದು ಬಲವಾಗಿ ಹೀರುವರು. ಹಿರಿಯರು ಊಟದ ಪಂಕ್ತಿಯಲ್ಲಿ ಯಾವುದನ್ನು ಅಸಭ್ಯವೆಂದು ಗದರುವರೋ ಅದೇ ಇಲ್ಲಿ ಶಾಸ್ತ್ರ. ಹಾಗೆ ಹೀರಿದಾಗ ಕಾಫಿ ತುಂತುರಾಗಿ ಬಾಯಿಯೆಲ್ಲ ಹರಡಿ, ಅದರ ಆವಿ ಗಂಟಲ ಹಿಂದಿನಿಂದ ಮೂಗಿಗೇರುವುದು. ರುಚಿಯೆಂದು ನಾವು ತಿಳಿದಿರುವುದರಲ್ಲಿ ಬಹುಪಾಲು ವಾಸನೆಯೇ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದು ಇದಕ್ಕೇ. ರುಚಿ ನೋಡಿ ಉಗುಳುವುದಕ್ಕೆ ಪಕ್ಕದಲ್ಲಿ ಪಾತ್ರೆಯಿರುತ್ತದೆ. ಕಾಫಿ ಬಿಸಿಯಿದ್ದಾಗ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ತಣಿದ ಮೇಲೆ ಮತ್ತೊಮ್ಮೆ ಹೀಗೆ ನೋಡುವರು. ಬಿಸಿ ಅನೇಕ ದೋಷಗಳನ್ನು ಮುಚ್ಚುತ್ತದೆ. ತಣಿದ ಕಾಫಿ ಸುಳ್ಳು ಹೇಳುವುದಿಲ್ಲ.

ಇನ್ನು ಅಂಕಗಳ ಲೆಕ್ಕ. ಅಮೇರಿಕೆಯಲ್ಲಿ ೧೯೮೨ರಲ್ಲಿ ಹುಟ್ಟಿ, ೨೦೧೭ರಲ್ಲಿ ಯುರೋಪಿನ ಸಂಘದೊಡನೆ ಒಂದಾದ ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ಎಂಬ ಸಂಸ್ಥೆಯ ನೂರು ಅಂಕಗಳ ಪಟ್ಟಿ ಬಹುಕಾಲದಿಂದ ಲೋಕಪ್ರಸಿದ್ಧವಾಗಿದೆ. ಅದರಲ್ಲಿ ಹತ್ತು ಅಂಗಗಳು. ಪರಿಮಳ, ರುಚಿ, ನುಂಗಿದ ಮೇಲೆ ಉಳಿಯುವ ರುಚಿ, ಹುಳಿಯ ಚುರುಕು, ಬಾಯಿಗೆ ತೋರುವ ಮೈ, ಇವೆಲ್ಲವುಗಳ ಹೊಂದಿಕೆ, ಒಟ್ಟಿನ ಅಭಿಪ್ರಾಯ: ಈ ಏಳಕ್ಕೆ ಆರರಿಂದ ಹತ್ತರವರೆಗೆ, ಕಾಲು ಕಾಲು ಅಂಕದ ಮೆಟ್ಟಿಲಿನಲ್ಲಿ ಗುಣ ಕಟ್ಟುವರು. ಉಳಿದ ಮೂರು, ಅಂದರೆ ಐದು ಬಟ್ಟಲುಗಳ ಏಕರೂಪತೆ, ನಿರ್ಮಲತೆ, ಸಿಹಿ; ಇವುಗಳಿಗೆ ಬಟ್ಟಲಿಗೆ ಎರಡರಂತೆ ಹತ್ತು ಹತ್ತು ಅಂಕ. ಒಟ್ಟು ೮೦ ಮತ್ತು ಅದಕ್ಕೆ ಮೇಲ್ಪಟ್ಟರೆ ಅದು ವಿಶಿಷ್ಟ ಕಾಫಿಯೆಂದು ಲೆಕ್ಕ. ಈಚೆಗೆ ಕೆಲವು ಪೊಟ್ಟಣಗಳ ಮೇಲೆ ೮೪, ೮೬ ಎಂದು ಅಚ್ಚು ಹಾಕಿರುವುದರ ಅರ್ಥ ಇದೇ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಒಂದು ಕಾಫಿಗೆ ಮೇಲಿನ ಏಳು ಅಂಗಗಳಲ್ಲಿ ನಾಲ್ಕಕ್ಕೆ ೭.೭೫, ಮೂರಕ್ಕೆ ೭.೫ ದೊರೆಯಿತೆನ್ನೋಣ, ಕೂಡಿಸಿದರೆ ೫೩.೫. ಐದು ಬಟ್ಟಲೂ ನಿರ್ದೋಷವಾದರೆ ಮೂವತ್ತು ಸೇರಿ ೮೩.೫ ಆಗುವುದು. ಈಗ ಐದರಲ್ಲಿ ಒಂದೇ ಬಟ್ಟಲು ಹುಳಿತು ನಾರುತ್ತಿದ್ದರೆ, ಏಕರೂಪತೆಯಲ್ಲಿ ಎರಡು, ನಿರ್ಮಲತೆಯಲ್ಲಿ ಎರಡು ಹೋಗಿ, ದೊಡ್ಡ ದೋಷಕ್ಕೆಂದು ಮತ್ತೆ ನಾಲ್ಕು ಕಳೆದು, ೭೫.೫ಕ್ಕೆ ಇಳಿಯುವುದು. ಮೂಟೆಯಲ್ಲಿ ಬೆರೆತ ನಾಲ್ಕಾರು ಕೆಟ್ಟ ಬೀಜಗಳಿಂದ ಇಡೀ ಮೂಟೆ ತನ್ನ ಪಂಕ್ತಿಯನ್ನು ಕಳೆದುಕೊಳ್ಳುವುದು. ಒಂದೇ ಬಟ್ಟಲಿನಲ್ಲಿ ನೋಡಿದ್ದರೆ ಆ ಕೆಟ್ಟ ಬೀಜ ತಪ್ಪಿಸಿಕೊಳ್ಳುತ್ತಿತ್ತು. ಐದು ಬಟ್ಟಲೇತಕ್ಕೆಂದರೆ ಇದಕ್ಕೆ.

ಈ ಎಂಟು ಅಂಕಗಳ ಹಿಂದೆ ಒಂದು ಸಂಸಾರದ ವರ್ಷದ ದುಡಿಮೆಯಿದೆ ಎಂಬುದನ್ನು ಮರೆಯಬಾರದು. ಕೆಂಪಾದ ಹಣ್ಣನ್ನೇ ಆರಿಸಿ ಕೊಯ್ದರೋ, ಹಸಿರು ಕಾಯಿಯನ್ನೂ ಸೇರಿಸಿ ಸವರಿದರೋ. ಕೊಯ್ದ ದಿನವೇ ಸುಲಿದರೋ, ರಾತ್ರಿ ರಾಶಿ ಹಾಕಿ ಹುಳಿಯಗೊಟ್ಟರೋ. ಕಣದಲ್ಲಿ ಒಣಗುವಾಗ ಅಕಾಲದ ಮಳೆ ಬಿದ್ದಾಗ ಮುಚ್ಚಿದರೋ ಇಲ್ಲವೋ. ಇವೆಲ್ಲವೂ ಬಟ್ಟಲಿನಲ್ಲಿ ಬಯಲಾಗುವುವು. ೧೯೪೨ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರರು ತಮ್ಮ ಬೆಳೆಯನ್ನು ಮಂಡಳಿಯ ಸಾಮೂಹಿಕ ರಾಶಿಗೆ ಒಪ್ಪಿಸಬೇಕಾಗಿದ್ದ ಕಾಲವೊಂದಿತ್ತು. ಆಗ ಒಬ್ಬನ ಉತ್ತಮ ಬೆಳೆಯೂ ಇನ್ನೊಬ್ಬನ ಸಾಧಾರಣ ಬೆಳೆಯೂ ಅದೇ ದರ್ಜೆಯ ರಾಶಿಯಲ್ಲಿ ಒಂದಾಗುತ್ತಿದ್ದುವು. ೧೯೯೬ರ ಹೊತ್ತಿಗೆ ಆ ನಿರ್ಬಂಧ ಪೂರ್ತಿಯಾಗಿ ಹೋಯಿತು. ಅಂದಿನಿಂದ ತೋಟದ ಹೆಸರು ಬಟ್ಟಲಿನವರೆಗೂ ಉಳಿಯುವಂತಾಯಿತು; ಅಂಕದ ಬೆಲೆಯೂ ಹೆಚ್ಚಿತು. ೨೦೦೨ರಿಂದ ಮಂಡಳಿಯವರು ದೇಶದ ಉತ್ತಮ ಕಾಫಿಗಳನ್ನು ಬಟ್ಟಲ ಪರೀಕ್ಷೆಯಿಂದಲೇ ಆರಿಸಿ ಬಹುಮಾನ ಕೊಡುವ ಸ್ಪರ್ಧೆಯನ್ನೂ ನಡೆಸಿಕೊಂಡು ಬಂದಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಕಾಫಿಯ ಬೆಳೆ ದೊಡ್ಡದಲ್ಲ. ಘಟ್ಟದ ಮೇಲೆ ಅಡಕೆ ತೋಟಗಳ ನಡುವೆ ಅಲ್ಲಲ್ಲಿ ಗಿಡಗಳಿವೆ. ಚಿಕ್ಕಮಗಳೂರು, ಕೊಡಗು, ಹಾಸನ ಈ ಮೂರು ಜಿಲ್ಲೆಗಳೇ ಕನ್ನಡನಾಡಿನ ಕಾಫಿಯ ಕಣಜ. ಅವುಗಳ ನಡುವೆ, ಬಾಳೆಹೊನ್ನೂರಿನ ಬಳಿಯಲ್ಲಿ, ೧೯೨೫ರಲ್ಲಿ ಆರಂಭವಾದ ಸಂಶೋಧನ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ.

ಈ ವಿದ್ಯೆಯಲ್ಲಿ ಹೆಂಗಸರ ಹೆಸರು ಹಿಂದೆ ಬಿದ್ದಿಲ್ಲವೆಂಬುದನ್ನು ನಮ್ಮ ಗೃಹಿಣಿಯರು ಸಂತೋಷದಿಂದ ಕೇಳಬೇಕು. ಏಷ್ಯ ಖಂಡದ ಮೊದಲ ವೃತ್ತಿಪರ ಕಾಫಿ ಪರೀಕ್ಷಕಿಯೆಂದು ಪ್ರಸಿದ್ಧರಾದ ಸುನಾಲಿನಿ ಮೆನನ್ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಫಿ ಮಂಡಳಿಯಲ್ಲಿ ಸೇವೆ ಸಲ್ಲಿಸಿ, ಬಳಿಕ ಬೆಂಗಳೂರಿನಲ್ಲಿ ತಮ್ಮದೇ ಪರೀಕ್ಷಾಲಯವನ್ನು ಸ್ಥಾಪಿಸಿದರು. ಅವರ ಮಾರ್ಗದಲ್ಲಿ ಇಂದು ಅನೇಕ ತರುಣಿಯರು ಚಮಚ ಹಿಡಿದಿದ್ದಾರೆ.

ಅಂಥ ತರುಣಿಯರಲ್ಲಿ ಒಬ್ಬಳಾದ ನಮ್ಮ ಸೋದರ ಸೊಸೆಯ ಪರೀಕ್ಷೆಗೆ ಈಗ ಬರೋಣ. ಪಂಚಮಿಯ ಮರುದಿನ ನಾವು ನಮ್ಮ ಜಗಳದ ಕಥೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಅವಳಿಗೆ ಹೇಳಿದೆವು. ಅವಳು ಏನೂ ಹೇಳದೆ ಅಡಿಗೆಮನೆಗೆ ಹೋಗಿ, ಡಬ್ಬಿಯನ್ನು ಮೂಸಿ, ಕಪಾಟಿನಲ್ಲಿದ್ದ ಒಡೆಯದ ಪೊಟ್ಟಣವನ್ನು ತೆಗೆದುಕೊಂಡಳು. "ಮಾವ, ನೀವು ಹತ್ತು ನಿಮಿಷ ಜಗಲಿಯಲ್ಲಿ ಕೂತಿರಿ. ನಾನು ಕರೆಯುವ ತನಕ ಒಳಗೆ ಬರಬೇಡಿ" ಎಂದಳು. ಕರೆದಾಗ ಹೋಗಿ ನೋಡಿದರೆ ಒಂದೇ ತೆರನ ಆರು ಗಾಜಿನ ಲೋಟಗಳು; ಅವುಗಳ ಕೆಳಗೆ ಮಡಚಿದ ಚೀಟಿಗಳು. ಯಾವುದರಲ್ಲಿ ಏನಿದೆಯೆಂದು ನಮಗೆ ತಿಳಿಯದು. ಹತ್ತಕ್ಕೆ ಎಷ್ಟು ಕೊಡುವಿರೆಂದು ಬರೆಯಿರಿ ಎಂದಳು. ಹುಳಿಯೆಂಬಲ್ಲಿಗೆ ಬಂದಾಗ ನಾವು ಮುಖ ಸಿಂಡರಿಸಿದೆವು. "ಮಾವ, ಹುಳಿಯೆಂದರೆ ಕೆಟ್ಟ ಹಾಲಿನ ಹುಳಿಯಲ್ಲ. ಕಿತ್ತಳೆಯಲ್ಲಿ ಹುಳಿಯಿಲ್ಲದಿದ್ದರೆ ಹೇಗಿರುತ್ತದೆ ಹೇಳಿ? ಆ ಚುರುಕನ್ನು ಹುಡುಕಿ" ಎಂದಳು. ಮೈ ಎಂದರೇನು ಎಂದು ಕೇಳಿದ್ದಕ್ಕೆ, "ತಿಳಿ ಮಜ್ಜಿಗೆಗೂ ಗಟ್ಟಿ ಮಜ್ಜಿಗೆಗೂ ಬಾಯಲ್ಲಿ ತೋರುವ ಭೇದ" ಎಂದಳು.

ಚೀಟಿ ಬಿಚ್ಚಿದಾಗ ತಿಳಿದದ್ದು ಹೀಗೆ. ಎರಡು ಲೋಟಗಳಲ್ಲಿ ನಮ್ಮ ಡಬ್ಬಿಯ ಪುಡಿ. ನಾವು ಎರಡಕ್ಕೂ ನಾಲ್ಕು ಅಂಕ ಕೊಟ್ಟಿದ್ದೆವು. ಎರಡರಲ್ಲಿ ಒಡೆಯದಿದ್ದ ಪೊಟ್ಟಣದ ಪುಡಿ, ಅಂದರೆ ಅದೇ ಅಂಗಡಿಯ, ಅದೇ ದಿನದ, ಅದೇ ಬೀಜದ ಪುಡಿ. ಅವಕ್ಕೆ ಏಳು, ಎಂಟು. ಆರರಲ್ಲಿಯೂ ಅದೇ ಮೇಲು. ಉಳಿದೆರಡರಲ್ಲಿ ಅವಳೇ ಚಿಕ್ಕಮಗಳೂರಿನಿಂದ ತಂದ ಅರಾಬಿಕಾ. ಅದಕ್ಕೆ ಒಂದು ಲೋಟದಲ್ಲಿ ಐದು, ಇನ್ನೊಂದರಲ್ಲಿ ಏಳು! ಒಂದೇ ಕಾಫಿಗೆ ಎರಡು ತೀರ್ಪು. "ಐದು ಕೊಟ್ಟ ಲೋಟವನ್ನು ನೀವು ಕೆಟ್ಟ ಪುಡಿಯ ಬೆನ್ನಿಗೇ ಕುಡಿದಿರಿ. ಆ ವಾಸನೆ ಬಾಯಲ್ಲಿ ಉಳಿದಿತ್ತು" ಎಂದು ಅವಳು ಸಮಾಧಾನ ಹೇಳಿದಳು. ಪರೀಕ್ಷಕರು ನಡುನಡುವೆ ಬಾಯಿ ತೊಳೆಯುವುದೂ, ಒಬ್ಬರ ಬದಲು ಹಲವರು ಕೂಡಿ ನೋಡುವುದೂ, ಮಾದರಿಯ ಹೆಸರನ್ನು ಮರೆಮಾಡುವುದೂ, ತಮ್ಮ ತಮ್ಮ ಅಳತೆಗಳನ್ನು ಆಗಾಗ ಒಬ್ಬರೊಡನೊಬ್ಬರು ತಾಳೆ ನೋಡಿಕೊಳ್ಳುವುದೂ ಇದಕ್ಕಾಗಿಯೇ. ತನ್ನ ನಾಲಗೆ ತಪ್ಪಬಲ್ಲದೆಂಬುದನ್ನು ತಿಳಿಯುವುದೇ ಪರೀಕ್ಷಕನ ಮೊದಲ ಪಾಠ.

ಅಂಗಡಿಯ ಪುಡಿ ನಿರ್ದೋಷವಾಗಿತ್ತು. ದೋಷ ನಮ್ಮ ಡಬ್ಬಿಯದು. ಅದು ಒಲೆಯ ಪಕ್ಕದ ಕಿಟಕಿಯಲ್ಲಿ, ಮಳೆಗಾಳಿಗೆ ಎದುರಾಗಿ ಇರುತ್ತಿತ್ತು. ಮುಚ್ಚಳ ಸಡಿಲ, ಒದ್ದೆ ಚಮಚವನ್ನು ಹಾಕುತ್ತಿದ್ದವರು ನಾವೇ. ಹುರಿದ ಪುಡಿ ಗಾಳಿಯ ತೇವವನ್ನು ಬತ್ತಿಯಂತೆ ಹೀರುತ್ತದೆ. ಪರಿಮಳ ಹಾರಿಹೋಗಿ ಎಣ್ಣೆಯಂಶ ಹಳಸುತ್ತದೆ. ನಮ್ಮ ಮನೆಯವರು ಒಲೆಯ ಮುಂದಿನಿಂದಲೇ, "ಮುಚ್ಚಳ ಬಿಗಿಯಿಲ್ಲವೆಂದು ಎರಡು ಸಲ ಹೇಳಿದ್ದೆ; ನೀವು ಕೇಳಲಿಲ್ಲ" ಎಂದರು. ಕುಣಿಯಲಾರದವಳು ನೆಲ ಡೊಂಕೆಂದ ಕಥೆ ನಮಗೆ ನೆನಪಾಯಿತು.

ಇಲ್ಲಿ ಸ್ವಾರಸ್ಯವಾದ ಇನ್ನೊಂದು ಸಂಗತಿಯಿದೆ. ನಮ್ಮ ಡಬ್ಬಿಯನ್ನು ಕೆಡಿಸಿದ ಈ ಪಡುವಣ ಗಾಳಿಯೇ ದಕ್ಷಿಣದಲ್ಲಿ, ಮಂಗಳೂರಿನ ಕಡೆಯ ಉಗ್ರಾಣಗಳಲ್ಲಿ, ಲೋಕಪ್ರಸಿದ್ಧವಾದ ಒಂದು ಕಾಫಿಯನ್ನು ಸೃಷ್ಟಿಸುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಈ ಕರಾವಳಿಯ ಬೀಜ ಆಫ್ರಿಕೆಯನ್ನು ಸುತ್ತಿಕೊಂಡು ಯುರೋಪನ್ನು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಮುದ್ರದ ತೇವದಲ್ಲಿ ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣ ತಾಳಿ, ಹುಳಿ ಇಳಿದು ಮೃದುವಾಗುತ್ತಿತ್ತು. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಮೊಟಕಾದಾಗ ಅಲ್ಲಿಯವರಿಗೆ ಹಳೆಯ ರುಚಿ ತಪ್ಪಿಹೋಯಿತು. ಆಗ ಇಲ್ಲಿಯೇ, ಮಳೆಗಾಲದ ತಿಂಗಳುಗಳಲ್ಲಿ, ಗಾಳಿಯಾಡುವ ಉಗ್ರಾಣಗಳಲ್ಲಿ ಹಸಿ ಬೀಜವನ್ನು ತೆಳುವಾಗಿ ಹರಡಿ, ಕೈಯಾಡಿಸುತ್ತ, ಸಡಿಲವಾಗಿ ಚೀಲ ತುಂಬುತ್ತ, ಮತ್ತೆ ಸುರಿಯುತ್ತ ಆ ರುಚಿಯನ್ನು ಬರಿಸುವ ಕ್ರಮ ಹುಟ್ಟಿತು. ಇದೇ ಮಾನ್ಸೂನ್ಡ್ ಮಲಬಾರ್. ಇದಕ್ಕೂ ಭೌಗೋಳಿಕ ಗುರುತಿದೆ. ಅದೇ ಗಾಳಿ, ಅದೇ ತೇವ. ಅಲ್ಲಿ ಎಚ್ಚರವಿತ್ತು, ನಮ್ಮಲ್ಲಿ ಇರಲಿಲ್ಲ.

ಆದರೆ ಈ ಕಾಫಿ ಅಂಕದ ಪಟ್ಟಿಗೂ ಒಂದು ಪ್ರಶ್ನೆ ಹಾಕುತ್ತದೆ. ಹುಳಿಯ ಚುರುಕನ್ನೇ ಗುಣವೆಂದು ಎಣಿಸುವವನು ಇದಕ್ಕೆ ಕಡಿಮೆ ಅಂಕ ಕೊಟ್ಟಾನು. ಇದರ ಮಣ್ಣಿನ ಗಂಭೀರತೆಯನ್ನು ಮೆಚ್ಚುವವನು ಬೇರೆಯೊಂದನ್ನು ಮುಟ್ಟನು. ನಮ್ಮ ದೇಶದಲ್ಲಿ ಹೆಚ್ಚು ಬೆಳೆಯುವ ರೊಬಸ್ಟಾ ಬೀಜವನ್ನು ಅರಾಬಿಕಾದ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲವೆಂದು ಅದಕ್ಕೆ ಬೇರೆ ಪಟ್ಟಿಯನ್ನೇ ಮಾಡಿದ್ದಾರೆ. ೨೦೨೩ರಿಂದೀಚೆಗೆ ಆ ಸಂಸ್ಥೆಯವರೂ ಹೊಸ ಕ್ರಮವೊಂದನ್ನು ಬಳಕೆಗೆ ತಂದು, "ಈ ಕಾಫಿಯಲ್ಲಿ ಏನಿದೆ" ಎಂಬ ವರ್ಣನೆಯನ್ನೂ "ಇದು ನನಗೆಷ್ಟು ಮೆಚ್ಚಿಗೆ" ಎಂಬ ತೀರ್ಪನ್ನೂ ಬೇರೆ ಬೇರೆ ಹಾಳೆಗಳಲ್ಲಿ ಬರೆಯಿಸುತ್ತಿದ್ದಾರೆ. ಇದು ವಿವೇಕದ ದಾರಿ. ಬೆಲ್ಲ ಹಾಕಿ, ಗಟ್ಟಿ ಹಾಲು ಬೆರೆಸಿ ಕುಡಿಯುವ ನಮ್ಮ ಮನೆಯ ಕಾಫಿಗೆ ಯಾರೂ ಅಂಕ ಕೊಡಬೇಕಾಗಿಲ್ಲ. ಅದು ನಮ್ಮ ಮೆಚ್ಚಿಗೆ. ಆದರೆ ಪುಡಿ ಹಳಸಿದೆಯೋ ಇಲ್ಲವೋ, ಬೀಜ ಹುಳಿತಿದೆಯೋ ಇಲ್ಲವೋ ಎಂಬುದು ಮೆಚ್ಚಿಗೆಯ ಮಾತಲ್ಲ, ಸಂಗತಿಯ ಮಾತು. ಎರಡನ್ನೂ ಕಲಸಿದಾಗಲೇ ಅನ್ಯಾಯ ಹುಟ್ಟುವುದು.

ಗೃಹಸ್ಥರ ಉಪಯೋಗಕ್ಕಾಗಿ ಕೆಲವು ಸೂಚನೆಗಳನ್ನು ಕೊಟ್ಟು ಮುಗಿಸುತ್ತೇವೆ. ಮಳೆಗಾಲದಲ್ಲಿ ಪುಡಿಯನ್ನು ವಾರಕ್ಕೆ ಬೇಕಾದಷ್ಟೇ ಕೊಳ್ಳತಕ್ಕದ್ದು. ಬಿಗಿ ಮುಚ್ಚಳದ ಸಣ್ಣ ಡಬ್ಬಿ, ಒಣ ಚಮಚ, ಒಲೆಗೂ ಕಿಟಕಿಗೂ ದೂರವಾದ ಜಾಗ. ಇವು ಮೂರು ಇದ್ದರೆ ಅರ್ಧ ದೂರುಗಳು ಇಲ್ಲವಾಗುವುವು. ಕೊಳ್ಳುವಾಗ ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣವನ್ನು ಓದಿರಿ. ಚಿಕೋರಿಯೆಂಬುದು ಒಂದು ಗಿಡದ ಬೇರನ್ನು ಹುರಿದ ಪುಡಿ, ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ, ಕೆಟ್ಟದ್ದೇನೂ ಅಲ್ಲ. ಆದರೆ ಬೆರಕೆ ಪುಡಿಯಲ್ಲಿ ಕಾಫಿ ನೂರಕ್ಕೆ ೫೧ಕ್ಕಿಂತ ಕಡಿಮೆಯಿರಕೂಡದೆಂದೂ, ಬೆರಕೆಯ ಪ್ರಮಾಣವನ್ನು ಹೊರಗೆ ಅಚ್ಚುಹಾಕಬೇಕೆಂದೂ ಕಾನೂನಿದೆ. ಬೆರಕೆಯಿಲ್ಲವೆಂದು ಮಾರಿದ ಪುಡಿಯಲ್ಲಿ ಸಂಶಯ ಬಂದರೆ, ಒಂದು ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಒಂದು ಚಿಟಿಕೆಯನ್ನು ಮೇಲೆ ಉದುರಿಸಿರಿ. ಕಾಫಿ ಬಹಳ ಹೊತ್ತು ತೇಲುವುದು. ಚಿಕೋರಿ ಕಂದು ಎಳೆಗಳನ್ನು ಬಿಡುತ್ತ ಬೇಗನೆ ತಳಕ್ಕಿಳಿಯುವುದು.

ಎರಡು ಪುಡಿಗಳನ್ನು ಹೋಲಿಸಬೇಕೆಂದಿದ್ದರೆ, ೨೦೦ ಮಿಲಿಲೀಟರ್ ನೀರಿಗೆ ೧೧ ಗ್ರಾಂ ಪುಡಿಯ ಲೆಕ್ಕದಲ್ಲಿ, ಕುದಿ ಇಳಿದ ನೀರನ್ನು ಹೊಯ್ದು, ನಾಲ್ಕು ನಿಮಿಷದ ಮೇಲೆ ನೊರೆ ತೆಗೆದು, ಹಾಲು ಸಕ್ಕರೆಗಳಿಲ್ಲದೆ ನೋಡಿರಿ. ಯಾವುದು ಯಾವುದೆಂದು ಮನೆಯ ಮಕ್ಕಳು ಗುಟ್ಟಾಗಿಡಲಿ; ಒಂದೊಂದು ಪುಡಿಗೂ ಎರಡೆರಡು ಲೋಟವಿರಲಿ. ಒಂದೇ ಪುಡಿಗೆ ಎರಡು ಅಂಕ ಬಿದ್ದರೆ ನಗಬೇಡಿ. ಅದೇ ನಿಮ್ಮ ಪರೀಕ್ಷೆಯ ಪರೀಕ್ಷೆ.

ನಾವು ಮುಂದಿನ ವಾರವೇ ಕಾರವಾರಕ್ಕೆ ಹೋದೆವು. ಅಂಗಡಿಯಲ್ಲಿ ಅಂದೂ ಗಿರಾಕಿಗಳಿದ್ದರು. ಇರಲೆಂದೇ ಆ ಹೊತ್ತನ್ನು ಆರಿಸಿದ್ದೆವು. ಎಲ್ಲರಿಗೂ ಕೇಳಿಸುವಂತೆ, ನಮ್ಮ ಡಬ್ಬಿಯ ದೋಷವನ್ನು ನಿಮ್ಮ ಮೇಲೆ ಹೊರಿಸಿದೆವು, ತಪ್ಪಾಯಿತು ಎಂದು ಹೇಳಿದೆವು. ವರ್ತಕರು ತಕ್ಕಡಿಯಿಂದ ಕಣ್ಣೆತ್ತದೆ, "ಎಷ್ಟು ಕಟ್ಟಲಿ ರಾಯರೇ?" ಎಂದು ಕೇಳಿದರು. ಅರ್ಧ ಕಿಲೊ ಎಂದೆವು. "ಬೇಡ. ಮಳೆ ನಿಲ್ಲುವ ತನಕ ಕಾಲು ಕಿಲೊಕ್ಕಿಂತ ಹೆಚ್ಚು ಒಯ್ಯಬೇಡಿ" ಎಂದು ಹೇಳಿ ಕಾಲು ಕಿಲೊವನ್ನೇ ತೂಗಿ ಕೊಟ್ಟರು.